ಶೆಡ್‌ನ ಮೈನ್ ಸ್ವಿಚ್ ಬಾಗಿಲ ಹತ್ತಿರ ತರುವುದು ಹೇಗೆ

ಕೊಡಗಿನಲ್ಲಿ ಮನೆ ಹಿಂದೆ ಒಂದು ಶೆಡ್ ಇರುವುದು ಸಾಮಾನ್ಯ. ಮೊದಲು ಅದು ಕೊಟ್ಟಿಗೆ ಆಗಿರುತ್ತದೆ, ಇಲ್ಲವೇ ಸೌದೆ ಇಡುವ ಜಾಗ, ಇಲ್ಲವೇ ಕಾಫಿ ಗೋಡೌನ್. ಆಮೇಲೆ ಒಂದು ಡ್ರಿಲ್ ಬರುತ್ತದೆ, ವೆಲ್ಡಿಂಗ್ ಮೆಷಿನ್ ಬರುತ್ತದೆ, ಕಳೆ ಹೊಡೆಯುವ ಮೆಷಿನ್ ರಿಪೇರಿ ಅಲ್ಲೇ ಶುರುವಾಗುತ್ತದೆ, ಸಿಲ್ವರ್ ಓಕ್ ಹಲಗೆ ಸೀಳಲು ಒಂದು ಟೇಬಲ್ ಗರಗಸವೂ ಬಂದು ಕೂರುತ್ತದೆ. ಹೀಗೆ ಒಂದೊಂದಾಗಿ ಎಲ್ಲ ಬಂದರೂ ಮೈನ್ ಸ್ವಿಚ್ ಮಾತ್ರ ಹಿಂದೆ ಒಂದು ಬಲ್ಬಿಗಾಗಿ ವೈರ್ ಎಳೆದಾಗ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹಿಂದಿನ ಗೋಡೆಯ ಮೂಲೆಯಲ್ಲಿ, ಹಲಗೆ ರಾಶಿಯ ಹಿಂದೆ, ತಿರುಗುತ್ತಿರುವ ಗರಗಸ ದಾಟಿ ಹೋಗಿ ಕೈ ಚಾಚಿದರೆ ಮಾತ್ರ ಸಿಗುವ ಹಾಗೆ.

ವೈರ್ ಎಲ್ಲಿಂದ ಒಳಗೆ ಬಂತೋ ಅಲ್ಲಿ ಸ್ವಿಚ್ ಕೂರಿಸುವುದು ಎಲೆಕ್ಟ್ರಿಷಿಯನ್‌ಗೆ ಸುಲಭ, ವೈರ್ ಉಳಿಯುತ್ತದೆ. ಆದರೆ ಆ ಸ್ವಿಚ್ ಬೇಕಾಗುವುದು ಯಾವಾಗ? ಯಾರಿಗೋ ಶಾಕ್ ಹೊಡೆದಾಗ, ಮೋಟಾರಿನಿಂದ ಹೊಗೆ ಬಂದಾಗ, ಅಂಗಿಯ ತೋಳು ಬೆಲ್ಟಿಗೆ ಸಿಕ್ಕಾಗ. ಆಗ ಓಡಿ ಬರುವವರು ನೀವೇ ಆಗಬೇಕೆಂದಿಲ್ಲ. ನಿಮ್ಮ ಅಮ್ಮ ಬರಬಹುದು, ಮಗ ಬರಬಹುದು, ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಕೂಗು ಕೇಳಿ ಓಡಿ ಬಂದ ಕೆಲಸದವರು ಇರಬಹುದು. ಅವರಿಗೆ ಶೆಡ್ಡಿನೊಳಗೆ ಕಾಲಿಡುವ ಮೊದಲೇ ಸ್ವಿಚ್ ಕೈಗೆ ಸಿಗಬೇಕು. ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ. ಯಾವ ಕಂಪನಿಯ ಸ್ವಿಚ್, ಎಷ್ಟು ಆ್ಯಂಪ್ ಅನ್ನುವುದಕ್ಕಿಂತ ಮೊದಲು ಜಾಗ ಸರಿಯಾಗಬೇಕು.

ಯಾವುದು ನಿಮ್ಮ ಕೆಲಸ, ಯಾವುದು ಅಲ್ಲ

ಕಂಬದಿಂದ ಬರುವ ಸರ್ವಿಸ್ ವೈರ್, ಮೀಟರ್, ಮೀಟರಿನ ಸೀಲ್, ಇದಿಷ್ಟೂ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಚೆಸ್ಕಾಂನದು. ಅದರ ಹತ್ತಿರ ಕೈ ಹಾಕುವ ಹಾಗಿಲ್ಲ. ನಿಮ್ಮ ಮನೆಗೆ ಒಂದು ಮೀಟರ್ ಇದ್ದು, ಅಲ್ಲಿಂದ ಮನೆಯ ಡಿಬಿಗೆ (ಲೈನ್‌ಗಳನ್ನು ಹಂಚುವ ಪೆಟ್ಟಿಗೆ) ಬಂದು, ಡಿಬಿಯಿಂದ ಒಂದು ಲೈನ್ ಶೆಡ್ಡಿಗೆ ಹೋಗಿದ್ದರೆ ಕೆಲಸ ಸುಲಭ. ಡಿಬಿಯಲ್ಲಿ ಶೆಡ್ಡಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿದರೆ, ಇನ್ವರ್ಟರಿನಂಥ ಬೇರೆ ದಾರಿ ಇಲ್ಲದಿದ್ದರೆ, ಶೆಡ್ಡಿನ ಲೈನ್ ಸತ್ತಿರುತ್ತದೆ. ಆದರೆ ಕೆಲವು ಕಡೆ ಶೆಡ್ಡಿಗೇ ಬೇರೆ ಮೀಟರ್ ಇರುತ್ತದೆ, ತ್ರೀ ಫೇಸ್ ಅಲ್ಲಿಗೇ ಬಂದಿರುತ್ತದೆ, ಮೀಟರ್ ಪಕ್ಕದ ಮೈನ್ ಸ್ವಿಚ್ಚೇ ಮೊದಲನೆಯ ಸ್ವಿಚ್ ಆಗಿರುತ್ತದೆ. ಆಗ ಆ ಸ್ವಿಚ್ಚಿನ ಮೇಲಿನ ತುದಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಇಳಿಸಿದರೂ ಇರುತ್ತದೆ. ಅಂಥ ಸ್ವಿಚ್ ಸರಿಸಬೇಕಾದರೆ ಚೆಸ್ಕಾಂನ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು, ಅವರು ಸಪ್ಲೈ ನಿಲ್ಲಿಸಿದ ಮೇಲೇ ಮಾಡಿಸಬೇಕು. ಪರಿಚಯದ ಲೈನ್‌ಮನ್ ಇದ್ದಾರೆ, ಫೋನ್ ಮಾಡಿದರೆ ಬಂದು ಫ್ಯೂಸ್ ತೆಗೆಯುತ್ತಾರೆ ಅಂತ ಬಾಯಿಮಾತಿನಲ್ಲಿ ಮುಗಿಸಬೇಡಿ. ಅಂಥ ಮನೆಗೆ ನನ್ನ ಸಲಹೆ ಬೇರೆಯೇ ಇದೆ. ಹಳೆಯ ಮೈನ್ ಸ್ವಿಚ್ ಮೀಟರ್ ಹತ್ತಿರ ಹಾಗೇ ಇರಲಿ, ಅದರಿಂದ ಮುಂದಕ್ಕೆ ಲೈನ್ ಎಳೆದು ಬಾಗಿಲ ಬಳಿ ಎರಡನೆಯ ಸ್ವಿಚ್ಚಾಗಿ ಐಸೋಲೇಟರ್ (ಲೈನನ್ನು ಕೈಯಿಂದ ಪೂರ್ತಿ ಬಿಡಿಸುವ ಸ್ವಿಚ್) ಹಾಕಿಸಿ. ಖರ್ಚೂ ಕಡಿಮೆ, ಕಾಗದದ ಓಡಾಟವೂ ಇಲ್ಲ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಲ್ಬ್, ಫ್ಯಾನ್, ಫ್ಯೂಸ್, ಸಣ್ಣ ಸ್ವಿಚ್ ಬದಲಿಸುವುದನ್ನು ಬಿಟ್ಟು ಉಳಿದ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಮೂಲಕವೇ ಮಾಡಿಸಬೇಕು ಅಂತ ನಿಯಮ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದಿದ್ದವು, 2023ರಲ್ಲಿ ಹೊಸದಾಗಿ ಬಂದಿವೆ. ಹಾಗಂತ ನೀವು ಕೈ ಕಟ್ಟಿ ಕೂರಬೇಕಾಗಿಲ್ಲ. ಜಾಗ ಹುಡುಕುವುದು, ಅಳತೆ ತೆಗೆಯುವುದು, ಲೋಡ್ ಲೆಕ್ಕ ಹಾಕುವುದು, ಗೋಡೆಗೆ ಬೋರ್ಡ್ ಕೂರಿಸುವುದು, ಪೈಪಿಗಾಗಿ ಗೋಡೆಯಲ್ಲಿ ಚಾನೆಲ್ ಕೊರೆಯುವುದು, ಪೈಪ್ ಹಾಕುವುದು, ಗುಂಡಿ ತೋಡುವುದು, ಇದೆಲ್ಲ ಮನೆಯವರೇ ಮಾಡಬಹುದು. ವೈರಿನ ತುದಿ ಸ್ವಿಚ್ಚಿಗೆ ಸೇರುವ ಕೆಲಸ ಮತ್ತು ಆಮೇಲಿನ ಟೆಸ್ಟಿಂಗ್ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅವರು ಮಾಡುತ್ತಿರುವುದು ಸರಿಯೇ ಅಂತ ನೋಡಲು ಗೊತ್ತಿದ್ದರೆ ಅದೇ ದೊಡ್ಡ ಲಾಭ. ಮುಂದಿನದನ್ನು ಆ ದೃಷ್ಟಿಯಿಂದ ಓದಿ.

ಜಾಗ

ಶೆಡ್ಡಿನ ಬಾಗಿಲಲ್ಲಿ ಹೊರಗೆ ನಿಂತುಕೊಳ್ಳಿ. ಕಣ್ಣು ಮುಚ್ಚಿ ಒಂದು ಕೈ ಒಳಗೆ ಹಾಕಿ ಗೋಡೆ ಮುಟ್ಟಿ. ಕೈ ಎಲ್ಲಿ ತಗುಲಿತೋ ಸುಮಾರಾಗಿ ಅದೇ ಜಾಗ. ಬಾಗಿಲಿನ ಚಿಲಕದ ಕಡೆ ಇರಬೇಕು, ಬಿಜಾಗರಿ ಕಡೆ ಅಲ್ಲ, ಯಾಕೆಂದರೆ ಬಿಜಾಗರಿ ಕಡೆ ಹಾಕಿದರೆ ಬಾಗಿಲು ತೆರೆದಾಗ ಸ್ವಿಚ್ ಬಾಗಿಲ ಹಿಂದೆ ಅಡಗುತ್ತದೆ. ಎತ್ತರ ನಾಲ್ಕರಿಂದ ಐದು ಅಡಿ, ಅಂದರೆ ಮನೆಯ ಕುಳ್ಳಗಿನ ಹಿರಿಯರಿಗೂ ಎಟುಕಬೇಕು, ಪುಟ್ಟ ಮಕ್ಕಳಿಗೆ ಎಟುಕಬಾರದು. ಸ್ವಿಚ್ಚಿನ ಮುಂದೆ ಮೂರು ಅಡಿ ಜಾಗ ಯಾವತ್ತೂ ಖಾಲಿ ಇರಬೇಕು. ಖಾಲಿ ಇರಲಿ ಅಂತ ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು, ಗೊಬ್ಬರದ ಚೀಲ ಬಂದು ಅಲ್ಲೇ ಕೂರುತ್ತದೆ. ನೆಲದ ಮೇಲೆ ಹಳದಿ ಪೇಂಟಿನಲ್ಲಿ ಒಂದು ಚೌಕ ಬರೆಯಿರಿ.

ಇನ್ನು ಮಳೆ. ಇದು ಬಯಲು ಸೀಮೆಯವರ ಬರಹಗಳಲ್ಲಿ ಸಿಗುವುದಿಲ್ಲ, ನಮಗೆ ಮಾತ್ರ ಇದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಮಳೆ ಎರಡೂ ಪಶ್ಚಿಮ, ನೈರುತ್ಯ ಕಡೆಯಿಂದ ಹೊಡೆಯುತ್ತವೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯವರಿಗೆ ಪಡುವಣ ಗೋಡೆ ಆ ನಾಲ್ಕು ತಿಂಗಳು ಒಣಗುವುದೇ ಇಲ್ಲ. ಕುಶಾಲನಗರದ ಕಡೆ ಅಷ್ಟು ಕಷ್ಟವಿಲ್ಲ. ನಿಮ್ಮ ಶೆಡ್ಡಿನ ಬಾಗಿಲು ಪಶ್ಚಿಮಕ್ಕೇ ಇದ್ದರೆ ಬಾಗಿಲ ಪಕ್ಕದ ಗೋಡೆ ಬಿಟ್ಟು, ಒಳಗೆ ಕಾಲಿಟ್ಟ ಕೂಡಲೇ ಬಲಕ್ಕೋ ಎಡಕ್ಕೋ ಸಿಗುವ ಅಡ್ಡ ಗೋಡೆಯ ಮೊದಲ ಎರಡು ಅಡಿ ಆರಿಸಿ. ಹೆಂಚು ಎಲ್ಲಿ ಸೋರುತ್ತದೆ, ಎರಡು ಮಾಡು ಸೇರುವ ಜಾಗದಲ್ಲಿ ನೀರು ಎಲ್ಲಿ ಇಳಿಯುತ್ತದೆ ಅಂತ ಮಳೆಗಾಲದಲ್ಲೇ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಂಡರೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಕಾಣುತ್ತದೆ ಅಲ್ವಾ.

ಗರಗಸದಿಂದ ಪುಡಿ ಹಾರುವ ದಿಕ್ಕು, ವೆಲ್ಡಿಂಗ್ ಕಿಡಿ ಸಿಡಿಯುವ ಮೂಲೆ, ಪೆಟ್ರೋಲ್ ಕ್ಯಾನ್ ಮತ್ತು ಥಿನ್ನರ್ ಇಡುವ ಕಪಾಟು, ಈ ಮೂರರಿಂದಲೂ ಸ್ವಿಚ್ ದೂರ ಇರಲಿ. ಮರದ ನುಣ್ಣನೆ ಪುಡಿ ಪೆಟ್ಟಿಗೆಯೊಳಗೆ ಸೇರಿ, ಅದರ ಮೇಲೆ ವೈರ್ ಬಿಗಿಯುವ ಟರ್ಮಿನಲ್ ಒಂದು ಸಡಿಲವಾಗಿ ಬಿಸಿಯಾದರೆ ಬೆಂಕಿಗೆ ಬೇರೇನೂ ಬೇಡ.

ಯಾವ ಸ್ವಿಚ್

ಹಳೆಯ ಕಬ್ಬಿಣದ ಪೆಟ್ಟಿಗೆಯ ಮೈನ್ ಸ್ವಿಚ್, ಒಳಗೆ ಪಿಂಗಾಣಿ ಫ್ಯೂಸ್, ಪಕ್ಕದಲ್ಲಿ ಹಿಡಿ, ಇದು ಇನ್ನೂ ಎಷ್ಟೋ ಶೆಡ್‌ಗಳಲ್ಲಿದೆ. ಸರಿಸುವಾಗ ಅದನ್ನೇ ಕಿತ್ತು ಹೊಸ ಜಾಗದಲ್ಲಿ ಹಾಕಬೇಡಿ. ಒಳಗಿನ ತಾಮ್ರದ ಬ್ಲೇಡುಗಳು ಹಸಿರು ಹಿಡಿದಿರುತ್ತವೆ, ಸ್ಪ್ರಿಂಗ್ ಸೋತಿರುತ್ತದೆ. ಹೊಸದು ತೆಗೆದುಕೊಳ್ಳಿ.

ಅಂಗಡಿಯಲ್ಲಿ ಐಸೋಲೇಟರ್ ಅಂತ ಕೇಳಿದರೆ ಕೊಡುವುದೆಲ್ಲ ಒಂದೇ ಅಲ್ಲ. ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಎಸಿ-20, ಎಸಿ-22, ಎಸಿ-23 ಅಂತ ಏನೋ ಒಂದು ಬರೆದಿರುತ್ತದೆ. ಎಸಿ-20 ಅಂದರೆ ಲೋಡ್ ಇಲ್ಲದಾಗ ಮಾತ್ರ ತೆಗೆಯಬೇಕಾದ ಸ್ವಿಚ್. ಮೋಟಾರ್ ಓಡುತ್ತಿರುವಾಗ ಅದನ್ನು ಎಳೆದರೆ ಒಳಗೆ ಕಿಡಿ ಹತ್ತಿ ಸಂಪರ್ಕಗಳು ಸುಟ್ಟುಹೋಗಬಹುದು. ಎಸಿ-22 ಮಿಶ್ರ ಲೋಡಿಗೆ. ಎಸಿ-23 ಮೋಟಾರ್ ಲೋಡಿಗೆ ಮಾಡಿದ್ದು. ಶೆಡ್ಡಿಗೆ ಎಸಿ-23ನೇ ಬೇಕು, ಯಾಕೆಂದರೆ ಗಾಬರಿಯಲ್ಲಿ ಓಡಿ ಬಂದವರು ಮೊದಲು ಮೆಷಿನ್ ಆಫ್ ಮಾಡಿ ಆಮೇಲೆ ಮೈನ್ ಇಳಿಸುತ್ತಾರಾ? ನೇರ ಮೈನಿಗೇ ಕೈ ಹಾಕುತ್ತಾರೆ.

ಹಿಡಿಗೆ ಬೀಗ ಹಾಕಲು ತೂತು ಇರುವ ಮಾದರಿ ಆರಿಸಿ. ಕೆಂಪು ಹಿಡಿ, ಹಳದಿ ಹಿನ್ನೆಲೆ ಇದ್ದರೆ ದೂರದಿಂದಲೇ ಕಾಣುತ್ತದೆ. ಪೆಟ್ಟಿಗೆ ಐಪಿ 54ಕ್ಕಿಂತ ಕಡಿಮೆ ಬೇಡ, ಮಳೆ ಜಾಸ್ತಿ ಇರುವ ಕಡೆ ಐಪಿ 65 ತೆಗೆದುಕೊಳ್ಳಿ. ಈ ನಂಬರು ಪುಡಿ ಮತ್ತು ನೀರು ಒಳಗೆ ಹೋಗದಂತೆ ತಡೆಯುವ ಗುಣ ಹೇಳುತ್ತದೆ, ಆದರೆ ಕೇಬಲ್ ಬರುವ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿದು ತೂತು ಮುಚ್ಚುವ ತುಂಡು) ಹಾಕದೆ ಬಿಟ್ಟರೆ ಆ ನಂಬರಿಗೆ ಬೆಲೆಯೇ ಇಲ್ಲ. ಇರುವೆ, ಹಲ್ಲಿ, ಕಣಜ ಎಲ್ಲವೂ ಆ ತೂತಿನಿಂದಲೇ ಮನೆ ಮಾಡುತ್ತವೆ.

ಸಿಂಗಲ್ ಫೇಸ್ ಶೆಡ್ಡಿಗೆ ಎರಡು ಪೋಲ್ (ಒಂದೇ ಹಿಡಿಯಲ್ಲಿ ಎರಡು ವೈರ್ ಬಿಡಿಸುವ) ಸ್ವಿಚ್, ತ್ರೀ ಫೇಸಿಗೆ ನಾಲ್ಕು ಪೋಲಿನದು ಹಾಕಿಸಿ, ಇಳಿಸಿದಾಗ ಫೇಸ್ ಮತ್ತು ನ್ಯೂಟ್ರಲ್ ಒಟ್ಟಿಗೇ ಬಿಡಿಸಿಕೊಳ್ಳಬೇಕು. ನ್ಯೂಟ್ರಲ್ಲಿಗೆ ಮಾತ್ರ ಬೇರೆ ಫ್ಯೂಸ್, ಬೇರೆ ಸ್ವಿಚ್ ಯಾವತ್ತೂ ಕೂಡದು. ತ್ರೀ ಫೇಸಿನಲ್ಲಿ ನ್ಯೂಟ್ರಲ್ ಒಂದೇ ಬಿಟ್ಟುಹೋದರೆ 230 ವೋಲ್ಟಿನ ಬಲ್ಬಿಗೆ, ಚಾರ್ಜರಿಗೆ 400ರ ಹತ್ತಿರ ವೋಲ್ಟೇಜ್ ನುಗ್ಗಬಹುದು.

ವೈರಿನ ಲೆಕ್ಕ

ಒಂದು ಎಚ್‌ಪಿ ಅಂದರೆ 746 ವ್ಯಾಟ್. 5 ಎಚ್‌ಪಿ ತ್ರೀ ಫೇಸ್ ಮೋಟಾರ್ ಪೂರ್ತಿ ಲೋಡಿನಲ್ಲಿ ಸುಮಾರು ಏಳೂವರೆ ಆ್ಯಂಪ್ ತೆಗೆದುಕೊಳ್ಳುತ್ತದೆ. ಸಿಂಗಲ್ ಫೇಸಿನ 3 ಎಚ್‌ಪಿ ಮೋಟಾರ್ 15 ಆ್ಯಂಪಿನ ಆಸುಪಾಸು. ವೆಲ್ಡಿಂಗ್ ಮೆಷಿನ್ ದೊಡ್ಡದಿದ್ದರೆ ಅದೊಂದೇ 25-30 ಆ್ಯಂಪ್ ಎಳೆಯಬಹುದು. ಒಟ್ಟಿಗೆ ಯಾವುದೆಲ್ಲ ಓಡುತ್ತವೆ ಅಂತ ಕೂಡಿಸಿ ನೋಡಿ. ಒಬ್ಬರೇ ಕೆಲಸ ಮಾಡುವ ಶೆಡ್ಡಿನಲ್ಲಿ ಗರಗಸ ಮತ್ತು ಕಂಪ್ರೆಸರ್ ಒಟ್ಟಿಗೆ ಓಡಬಹುದು, ಗರಗಸ ಮತ್ತು ವೆಲ್ಡಿಂಗ್ ಒಟ್ಟಿಗೆ ನಡೆಯುವುದಿಲ್ಲ. ಮಂಜೂರಾದ ಲೋಡ್ ದಾಟುತ್ತಿದ್ದರೆ ಅದನ್ನು ಹೆಚ್ಚಿಸಿಕೊಳ್ಳಲು ಇದೇ ಸಮಯ. ಹಣ ತೆಗೆದುಕೊಂಡು ಬೇರೆಯವರ ಕೆಲಸ ಮಾಡಿಕೊಡುವ ಶೆಡ್ ಆಗಿದ್ದರೆ ಮನೆಯ ಕನೆಕ್ಷನ್ನಿನಲ್ಲಿ ಓಡಿಸುವ ಹಾಗಿಲ್ಲ, ಅದನ್ನೂ ಆಫೀಸಿನಲ್ಲಿ ಸರಿ ಮಾಡಿಸಿಕೊಳ್ಳಿ.

ಎಂಸಿಬಿ ಇರುವುದು ವೈರನ್ನು ಕಾಯಲು. ತಾಮ್ರದ 2.5 ಚದರ ಎಂಎಂ ವೈರಿಗೆ 20 ಆ್ಯಂಪ್, 4ಕ್ಕೆ 25, 6ಕ್ಕೆ 32, ಇದಕ್ಕಿಂತ ದೊಡ್ಡ ಎಂಸಿಬಿ ಬೇಡ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಎಂಸಿಬಿ ದೊಡ್ಡದು ಮಾಡಿದರೆ ಮುಂದಿನ ಸಲ ಕರಗುವುದು ವೈರು. ಮೋಟಾರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ ಆ ಕ್ಷಣವನ್ನು ತಾಳುವ ಸಿ ಇಲ್ಲವೇ ಡಿ ಕರ್ವ್ ಎಂಸಿಬಿ ಬೇಕು, ಬಿ ಕರ್ವಿನದು ಆಗಲೇ ಟ್ರಿಪ್ ಆಗಬಹುದು.

ನಮ್ಮ ಮನೆಗಳಲ್ಲಿ ಶೆಡ್ ಅಂಗಳ ದಾಟಿ, ಕಣ ದಾಟಿ ದೂರ ಇರುತ್ತದೆ. ಸ್ವಿಚ್ ಸರಿಸುವಾಗ ವೈರಿನ ದಾರಿ ಇನ್ನೂ ಉದ್ದವಾಗುತ್ತದೆ. ಒಂದು ಲೆಕ್ಕ ನೋಡಿ. ಡಿಬಿಯಿಂದ ಶೆಡ್ಡಿಗೆ 40 ಮೀಟರ್, ಮೋಟಾರ್ 15 ಆ್ಯಂಪ್, ಸಿಂಗಲ್ ಫೇಸ್. 2.5 ಚದರ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ತಡೆ ಇರುತ್ತದೆ. ಹೋಗಿ ಬರುವ ದಾರಿ 80 ಮೀಟರ್. ಓಡುವಾಗ ಸುಮಾರು 9 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ, ಐದು ಪಟ್ಟು ಎಳೆದು ಶುರುವಾಗುವ ಕ್ಷಣದಲ್ಲಿ 44 ವೋಲ್ಟ್. ಅದೇ ಜಾಗಕ್ಕೆ 6 ಚದರ ಎಂಎಂ ಹಾಕಿದರೆ ಓಡುವಾಗ 4 ವೋಲ್ಟಿಗಿಂತ ಕಡಿಮೆ, ಶುರುವಿನಲ್ಲಿ 18-19. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಅದರ ಮೇಲೆ 44 ವೋಲ್ಟ್ ಹೋದರೆ ಮೋಟಾರ್ ಗುಂಯ್ ಅಂತ ನಿಂತು ಬಿಸಿಯಾಗುತ್ತದೆ, ಏಳುವುದಿಲ್ಲ. ಎಷ್ಟೋ ಮೋಟಾರ್ ಸುಟ್ಟ ಕಥೆಯ ಹಿಂದೆ ಸಪೂರ ವೈರ್ ಇರುತ್ತದೆ. ಹೇಗಿದ್ದರೂ ಲೈನ್ ಬಿಚ್ಚುತ್ತಿದ್ದೀರಿ, ಈಗಲೇ ದಪ್ಪ ವೈರ್ ಹಾಕಿಸಿ.

ಹಳೆಯ ವೈರ್ ಹೊಸ ಜಾಗಕ್ಕೆ ಎಟುಕುವುದಿಲ್ಲ ಅನ್ನುವುದು ಎಲ್ಲರಿಗೂ ಬರುವ ತೊಂದರೆ. ಆಗ ಪೈಪಿನೊಳಗೆ ವೈರ್ ತಿರುಚಿ, ಇನ್ಸುಲೇಷನ್ ಟೇಪ್ ಸುತ್ತಿ ಜಾಯಿಂಟ್ ಮಾಡುವುದನ್ನು ಮಾತ್ರ ಒಪ್ಪಬೇಡಿ. ನಮ್ಮ ಗಾಳಿಯ ತೇವಕ್ಕೆ ಆ ಟೇಪ್ ಬಹಳ ದಿನ ಬಾಳುವುದಿಲ್ಲ. ಡಿಬಿಯಿಂದ ಹೊಸ ಸ್ವಿಚ್ ತನಕ ಒಂದೇ ತುಂಡು ವೈರ್ ಎಳೆಸುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗುವುದಿಲ್ಲ ಅಂದರೆ ಹಳೆಯ ಸ್ವಿಚ್ಚಿನ ಜಾಗದಲ್ಲಿ ಮುಚ್ಚಳ ಇರುವ ಜಂಕ್ಷನ್ ಬಾಕ್ಸ್ ಹಾಕಿ, ಸ್ಕ್ರೂ ಇರುವ ಕನೆಕ್ಟರಿನಲ್ಲಿ ಸೇರಿಸಿ, ಆ ಬಾಕ್ಸ್ ಮುಂದೆಯೂ ತೆರೆಯಲು ಸಿಗುವ ಹಾಗೆ ಇಡಿಸಿ. ಹಳೆಯ ಲೈನ್ ಅಲ್ಯೂಮಿನಿಯಂ ಆಗಿದ್ದು ಹೊಸದು ತಾಮ್ರ ಆದರೆ ಎರಡನ್ನೂ ನೇರ ಸೇರಿಸಬಾರದು, ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ, ವೈರಿನ ತುದಿಗೆ ಒತ್ತುವ ಲೋಹದ ತುಂಡು) ಅಂತ ಸಿಗುತ್ತದೆ, ಅದನ್ನೇ ಕೇಳಿ.

ನೆಲದೊಳಗೆ ಹೋಗುವುದಾದರೆ ಆರ್ಮರ್ಡ್ ಕೇಬಲ್ (ಸುತ್ತ ಲೋಹದ ಕವಚ ಇರುವುದು) ಹಾಕಿ, ಎರಡೂವರೆ ಅಡಿ ಆಳ ಬೇಕು. ಕೆಳಗೆ ಮರಳು, ಕೇಬಲ್, ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ, ಅದರ ಮೇಲೆ ಎಚ್ಚರಿಕೆಯ ಟೇಪ್. ತೋಟದಲ್ಲಿ ಗುಂಡಿ ತೋಡುವವರ ಗುದ್ದಲಿಗೂ ರಾತ್ರಿ ಬಂದು ನೆಲ ಅಗೆಯುವ ಹಂದಿಗೂ ಕೇಬಲ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಆ ಕವಚವನ್ನು ಗ್ಲ್ಯಾಂಡ್ ಮೂಲಕ ಅರ್ಥಿಗೆ (ನೆಲಕ್ಕೆ ಸೇರುವ ರಕ್ಷಣೆಯ ವೈರಿಗೆ) ಸೇರಿಸಿದ್ದಾರಾ ನೋಡಿ. ಶೆಡ್ಡಿನ ಒಳಗೆ ಬರೀ ವೈರ್ ಗೋಡೆ ಮೇಲೆ ಹಾಯಿಸಬೇಡಿ, ಇಲಿ ಕಡಿಯುತ್ತದೆ, ಪೈಪಿನಲ್ಲಿ ತನ್ನಿ.

ಕೂರಿಸುವುದು

ಬೋರ್ಡ್ ಮರದ್ದು ಬೇಡ. ತೇಗವಾದರೂ ಬೇಡ. ಹೆಚ್ಚಿನ ಮರ ಗೆದ್ದಲಿಗೂ ಫಂಗಸ್ಸಿಗೂ ಆಹಾರ, ತೇಗವೂ ಬೆಂಕಿಗೆ ಆಹಾರವೇ. ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟ್ ಇಲ್ಲವೇ ದಪ್ಪ ಎಫ್‌ಆರ್‌ಪಿ (ಫೈಬರ್ ಪ್ಲಾಸ್ಟಿಕ್) ಹಲಗೆ ಬಳಸಿ, ಗೋಡೆಗೂ ಅದಕ್ಕೂ ನಡುವೆ ಬೆರಳಿನಷ್ಟು ಜಾಗ ಬಿಟ್ಟು ಸ್ಪೇಸರ್ ಹಾಕಿ, ಗೋಡೆ ಬೆವರಿದರೂ ಪೆಟ್ಟಿಗೆ ಒಣಗಿರುತ್ತದೆ. ಹಳೆಯ ಮಣ್ಣಿನ ಗೋಡೆಗೆ ಫಿಶರ್ (ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್) ನಿಲ್ಲುವುದಿಲ್ಲ. ಅಲ್ಲಿ ಉದ್ದದ ಬೋಲ್ಟ್ ಗೋಡೆಯ ಆಚೆ ತನಕ ಹಾಯಿಸಿ ಹಿಂದೆ ಪ್ಲೇಟ್ ಕೊಟ್ಟು ಬಿಗಿಯಿರಿ.

ಕೇಬಲ್ ಪೆಟ್ಟಿಗೆಗೆ ಕೆಳಗಿನಿಂದ ಬರಬೇಕು, ಮೇಲಿನಿಂದ ಅಲ್ಲ. ಬರುವ ಮೊದಲು ಒಂದು ಬಾಗು ಕೆಳಗೆ ಇಳಿಸಿ ಮೇಲೆ ತನ್ನಿ, ಕೇಬಲ್ ಗುಂಟ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಎಳೆ ಎಳೆಯಾಗಿರುವ ವೈರಿನ ತುದಿಗೆ ಪಿನ್ ಲಗ್ ಒತ್ತಿಸಿ, ಬರೀ ಎಳೆಗಳನ್ನು ಸ್ಕ್ರೂ ಕೆಳಗೆ ತುರುಕಿದರೆ ಅರ್ಧ ಎಳೆ ಹೊರಗೇ ಉಳಿಯುತ್ತದೆ. ಬಣ್ಣ ತಪ್ಪಬಾರದು. ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್.

ಕರೆಂಟ್ ನಿಲ್ಲಿಸುವುದು

ಇಲ್ಲಿ ನಿಧಾನವಾಗಿ ಓದಿ. ಪವರ್ ಕಟ್ ಆದಾಗ ವೈರಿಂಗ್ ಕೆಲಸ ಮುಗಿಸುವ ಅಭ್ಯಾಸ ನಮ್ಮಲ್ಲಿ ಇದೆ. ಮರ ಬಿದ್ದಿದೆ, ಇವತ್ತು ಇಡೀ ದಿನ ಕರೆಂಟ್ ಬರುವುದಿಲ್ಲ ಅಂತ ಗಟ್ಟಿಯಾಗಿ ಹೇಳುವವರು ಇರುತ್ತಾರೆ. ಕರೆಂಟ್ ಯಾರಿಗೂ ಹೇಳಿ ಬರುವುದಿಲ್ಲ. ಪವರ್ ಕಟ್ ಆಗಿದ್ದರೂ ಮನೆಯ ಡಿಬಿಯಲ್ಲಿ ಶೆಡ್ಡಿನ ಎಂಸಿಬಿ ಇಳಿಸಲೇಬೇಕು, ಅದಕ್ಕೆ ಬೀಗ ಹಾಕುವ ಕ್ಲಿಪ್ ಸಿಗುತ್ತದೆ, ಅದನ್ನು ಹಾಕಿ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಹಳೆಯ ಫ್ಯೂಸ್ ಇರುವ ಮನೆಯಲ್ಲಿ ಪಿಂಗಾಣಿ ಫ್ಯೂಸ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಲಿ. ಡಿಬಿ ಮೇಲೆ ‘ಕೆಲಸ ನಡೆಯುತ್ತಿದೆ, ಹಾಕಬೇಡಿ’ ಅಂತ ಚೀಟಿ ಅಂಟಿಸಿ. ಮನೆಯವರಿಗೆಲ್ಲ ಬಾಯಲ್ಲೂ ಹೇಳಿ.

ಅಷ್ಟಕ್ಕೇ ಮುಗಿಯಲಿಲ್ಲ. ಇನ್ವರ್ಟರ್ ಇದೆಯಾ? ಜನರೇಟರ್ ಇದೆಯಾ? ಸೋಲಾರ್ ಇದೆಯಾ? ಇವು ಮೂರೂ ಬೇರೆ ದಾರಿಯಿಂದ ಶೆಡ್ಡಿಗೆ ಕರೆಂಟ್ ತರಬಲ್ಲವು. ಹಿಂದೆ ಯಾರೋ ಶೆಡ್ಡಿನ ಒಂದು ಬಲ್ಬಿಗೆ ಇನ್ವರ್ಟರ್ ಲೈನ್ ಕೊಟ್ಟಿದ್ದರೆ ಮೈನ್ ಇಳಿಸಿದ ಮೇಲೂ ಆ ಬಲ್ಬ್ ಉರಿಯುತ್ತದೆ, ಆ ನ್ಯೂಟ್ರಲ್ಲಿನಲ್ಲೂ ಕರೆಂಟ್ ಹರಿಯುತ್ತಿರುತ್ತದೆ. ಎಲ್ಲವನ್ನೂ ಆಫ್ ಮಾಡಿಸಿ. ಜನರೇಟರನ್ನು ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಸೇರಿಸುವುದು) ಇಲ್ಲದೆ ಪ್ಲಗ್ಗಿನ ಮೂಲಕ ಕೊಡುವ ಮನೆ ನಿಮ್ಮದಾಗಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆ ಕರೆಂಟ್ ಹಿಂದಕ್ಕೆ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಜೀವ ತೆಗೆಯುತ್ತದೆ.

ಆಮೇಲೆ ಪರೀಕ್ಷೆ. ಸ್ಕ್ರೂಡ್ರೈವರ್ ಥರದ ಟೆಸ್ಟರ್ ಒಂದನ್ನೇ ನಂಬಬಾರದು. ಎರಡು ಕಡ್ಡಿಯ ಟೆಸ್ಟರ್ ಇಲ್ಲವೇ ಮಲ್ಟಿಮೀಟರ್ ಬೇಕು. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಮೀಟರ್ ಕೆಲಸ ಮಾಡುತ್ತದಾ ನೋಡಬೇಕು, ಆಮೇಲೆ ಶೆಡ್ಡಿನ ಸ್ವಿಚ್ಚಿನಲ್ಲಿ ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ, ಪ್ರತಿ ಫೇಸಿಗೂ ಅರ್ಥಿಗೂ, ನ್ಯೂಟ್ರಲ್ಲಿಗೂ ಅರ್ಥಿಗೂ, ಫೇಸ್ ಫೇಸ್ ನಡುವೆ ಸೊನ್ನೆ ಇದೆಯಾ ನೋಡಬೇಕು, ಕೊನೆಗೆ ಮತ್ತೆ ಕರೆಂಟ್ ಇರುವ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಸರಿಯಿದೆಯಾ ಖಚಿತ ಮಾಡಿಕೊಳ್ಳಬೇಕು. ಈ ಮೂರನೆಯ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಮಧ್ಯದಲ್ಲಿ ಮೀಟರ್ ಕೆಟ್ಟಿದ್ದರೂ ಸೊನ್ನೆಯ ಹಾಗೆಯೇ ಕಾಣಬಹುದು.

ಅರ್ಥ್ ಮತ್ತು ಆರ್‌ಸಿಸಿಬಿ

ಶೆಡ್ಡಿಗೆ ಹಸಿರು ವೈರ್ ಬಂದಿದೆ ಅಂದರೆ ಅರ್ಥ್ ಇದೆ ಅಂತ ಅಲ್ಲ. ಅದರ ಇನ್ನೊಂದು ತುದಿ ಎಲ್ಲಿದೆ ಹುಡುಕಿ. ಗುಡ್ಡದ ಮೇಲಿನ ಮನೆಗಳಲ್ಲಿ ಸ್ವಲ್ಪ ತೋಡಿದರೆ ಬಂಡೆ, ಅರ್ಥಿಂಗ್ ಪೈಪ್ ಪೂರ್ತಿ ಇಳಿದಿರುವುದೇ ಇಲ್ಲ. ಎರಡೂವರೆ ಮೀಟರ್ ಜಿಐ ಪೈಪ್ ಪೂರ್ತಿ ಕೆಳಗೆ ಹೋಗುವ, ತೇವ ನಿಲ್ಲುವ ಜಾಗ ಹುಡುಕಿ. ಮಳೆಗಾಲದಲ್ಲಿ ಎಲ್ಲ ಅರ್ಥಿಂಗೂ ಚೆನ್ನಾಗಿಯೇ ತೋರಿಸುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಅಳೆಸಿದರೆ ನಿಜ ಗೊತ್ತಾಗುತ್ತದೆ. ತ್ರೀ ಫೇಸ್ ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ವೈರ್ ಇರಬೇಕು ಅನ್ನುವುದು ನಿಯಮ. ಒಂದು ತುಕ್ಕು ಹಿಡಿದು ಬಿಟ್ಟರೆ ಇನ್ನೊಂದು ಕಾಯುತ್ತದೆ.

ಹೊಸ ಸ್ವಿಚ್ಚಿನ ಪಕ್ಕದಲ್ಲೇ ಒಂದು ಸಣ್ಣ ಡಿಬಿ ಹಾಕಿಸಿ ಕೈಯಲ್ಲಿ ಹಿಡಿಯುವ ಉಪಕರಣಗಳ ಸಾಕೆಟ್‌ಗಳಿಗೆ 30 ಮಿಲಿಆ್ಯಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಕೊಡಿ. ಒದ್ದೆ ನೆಲದ ಮೇಲೆ ನಿಂತು ಗ್ರೈಂಡರ್ ಹಿಡಿದವರ ಪ್ರಾಣ ಉಳಿಸುವುದು ಇದು. ಎಂಸಿಬಿಗೆ ಆ ಶಕ್ತಿ ಇಲ್ಲ, ಅದಕ್ಕೆ ಕಾಣುವುದು ದೊಡ್ಡ ಕರೆಂಟ್ ಮಾತ್ರ. ಹಾಗೆಯೇ ಆರ್‌ಸಿಸಿಬಿಗೆ ಓವರ್‌ಲೋಡ್ ಗೊತ್ತಾಗುವುದಿಲ್ಲ, ಎರಡೂ ಬೇಕು. ಜುಲೈ ತಿಂಗಳಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ಅದನ್ನು ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಎಲ್ಲೋ ತೇವ ಸೇರಿ ಕರೆಂಟ್ ಸೋರುತ್ತಿದೆ ಅಂತ ಅದು ಹೇಳುತ್ತಿದೆ. ಒಂದೊಂದೇ ಮೆಷಿನ್ ಪ್ಲಗ್ ಕಿತ್ತು ನೋಡಿದರೆ ಯಾವುದು ಅಂತ ಸಿಕ್ಕುತ್ತದೆ. ಏಪ್ರಿಲ್ ಮೇ ಗುಡುಗಿನ ಕಾಲಕ್ಕೆ ಅದೇ ಡಿಬಿಯಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ (ಸಿಡಿಲಿನಿಂದ ಲೈನಿಗೆ ನುಗ್ಗುವ ವೋಲ್ಟೇಜ್ ತಡೆಯುವುದು) ಇದ್ದರೆ ಒಳ್ಳೆಯದು.

ಒಂದು ವಿಷಯ ಸ್ವಿಚ್ಚಿನದಲ್ಲ, ಆದರೂ ಇದೇ ಕೆಲಸದ ಜೊತೆ ಮಾಡಿಸಿಬಿಡಿ. ಗರಗಸ ಓಡುವಾಗ ಕರೆಂಟ್ ಹೋಯಿತು, ನೀವು ಬ್ಲೇಡ್ ಹತ್ತಿರದ ತುಂಡು ತೆಗೆಯಲು ಕೈ ಹಾಕಿದಿರಿ, ಕರೆಂಟ್ ಬಂತು. ಸಾಧಾರಣ ಸ್ವಿಚ್ ಆಗಿದ್ದರೆ ಗರಗಸ ತಾನಾಗಿ ತಿರುಗುತ್ತದೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ದೂರದ ಮಾತಲ್ಲ. ತಿರುಗುವ ಪ್ರತಿ ಮೆಷಿನ್ನಿಗೂ ಡಿಒಎಲ್ ಸ್ಟಾರ್ಟರ್ ಥರದ್ದು, ಅಂದರೆ ಕರೆಂಟ್ ಹೋದರೆ ಬಿಟ್ಟುಕೊಂಡು, ಮತ್ತೆ ಹಸಿರು ಬಟನ್ ಒತ್ತಿದರೆ ಮಾತ್ರ ಏಳುವಂಥದ್ದು ಇರಬೇಕು.

ಚಾಲೂ ಮಾಡುವ ಮೊದಲು

ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇದೆಯಾ ಕೇಳಿ. 500 ವೋಲ್ಟ್ ಹಾಕಿ ನೋಡಿದಾಗ ವೈರ್ ವೈರ್ ನಡುವೆ, ವೈರ್ ಅರ್ಥ್ ನಡುವೆ ಒಂದು ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಮೆಗ್ಗರ್ ಹಾಕುವ ಮೊದಲು ಎಲೆಕ್ಟ್ರಾನಿಕ್ ಸಾಮಾನು, ಎಲ್‌ಇಡಿ ಬಲ್ಬ್, ಸರ್ಜ್ ಪ್ರೊಟೆಕ್ಟರ್ ಎಲ್ಲ ಬಿಡಿಸಿರಬೇಕು.

ತ್ರೀ ಫೇಸ್ ಇದ್ದರೆ ಫೇಸ್‌ಗಳ ಕ್ರಮ ಅದಲು ಬದಲಾಗಿ ಮೋಟಾರ್ ಉಲ್ಟಾ ತಿರುಗಬಹುದು. ಗರಗಸ ಉಲ್ಟಾ ತಿರುಗಿದರೆ ಬ್ಲೇಡಿನ ನಟ್ಟು ತಾನಾಗಿ ಬಿಚ್ಚಿಕೊಳ್ಳುವ ಅಪಾಯ ಇದೆ. ಆದ್ದರಿಂದ ಮೊದಲ ಸಲ ಚಾಲೂ ಮಾಡುವಾಗ ಬ್ಲೇಡ್ ತೆಗೆದು ಇಲ್ಲವೇ ಬೆಲ್ಟ್ ಬಿಚ್ಚಿ, ಒಂದು ಕ್ಷಣ ಮಾತ್ರ ಬಟನ್ ಒತ್ತಿ ಬಿಟ್ಟು ದಿಕ್ಕು ನೋಡಬೇಕು. ಉಲ್ಟಾ ಇದ್ದರೆ ಮತ್ತೆ ಮೈನ್ ಇಳಿಸಿ, ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಎಲ್ಲ ಮೋಟಾರೂ ಉಲ್ಟಾ ಇದ್ದರೆ ಮೈನಿನಲ್ಲೇ ಬದಲಿಸಿ, ಒಂದೇ ಉಲ್ಟಾ ಇದ್ದರೆ ಆ ಸ್ಟಾರ್ಟರಿನಲ್ಲಿ.

ಈ ಕೆಲಸಕ್ಕೆ ನನ್ನ ಪ್ರಕಾರ ಒಳ್ಳೆಯ ಕಾಲ ರೊಬಸ್ಟಾ ಕುಯ್ಲು ಮುಗಿದ ಮೇಲೆ, ಮಳೆಗಾಲ ಹಿಡಿಯುವ ಮೊದಲು. ಗೋಡೆ ಒಣಗಿರುತ್ತದೆ, ಅರ್ಥಿಂಗಿನ ನಿಜವಾದ ಅಳತೆ ಸಿಗುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಬರುವ ದಿನಗಳಾದ್ದರಿಂದ ಬೆಳಿಗ್ಗೆಯೇ ಶುರು ಮಾಡಿಸಿ.

ಸ್ವಿಚ್ ಮೇಲೆ ದಪ್ಪ ಅಕ್ಷರದಲ್ಲಿ ‘ಶೆಡ್ ಮೈನ್’ ಅಂತ ಬರೆಸಿ, ನಿಮ್ಮ ಮನೆಯ ಡಿಬಿಯ ಯಾವ ಎಂಸಿಬಿಯಿಂದ ಅದಕ್ಕೆ ಕರೆಂಟ್ ಬಂದಿದೆ ಅಂತ ಕೆಳಗೆ ಬರೆಸಿ. ಡಿಬಿಯಲ್ಲೂ ಬರೆಸಿ. ತೋಟದ ಕೆಲಸಕ್ಕೆ ಬರುವವರಲ್ಲಿ ಕನ್ನಡ ಓದಲು ಬಾರದವರು ಈಗ ಬಹಳ ಇದ್ದಾರೆ, ಅವರಿಗೆ ಕರೆದು ಕೈಯಿಂದಲೇ ಇಳಿಸಿ ತೋರಿಸಿ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಇದನ್ನು ಇಳಿಸಬೇಕು, ಆಮೇಲೆ 108ಕ್ಕೆ ಫೋನ್ ಮಾಡಬೇಕು ಅಂತ ಮನೆಯವರಿಗೂ ಹೇಳಿಕೊಡಿ. ತಂತಿ ಕಡಿದು ಬಿದ್ದರೆ, ಕಂಬದಲ್ಲಿ ಕಿಡಿ ಕಂಡರೆ 1912. ಒಂದು ಎಬಿಸಿ ಪೌಡರ್ ಬೆಂಕಿ ಆರಿಸುವ ಸಿಲಿಂಡರನ್ನು ಅದೇ ಬಾಗಿಲ ಬಳಿ ತೂಗುಹಾಕಿ, ವಿದ್ಯುತ್ ಬೆಂಕಿಗೆ ನೀರು ಎರಚುವ ಹಾಗಿಲ್ಲ.

ಕೆಲಸ ಮುಗಿದು ಒಂದು ತಿಂಗಳಾದ ಮೇಲೆ ಅದೇ ಎಲೆಕ್ಟ್ರಿಷಿಯನ್ ಬಂದು ಎಲ್ಲ ಟರ್ಮಿನಲ್ ಮತ್ತೊಮ್ಮೆ ಬಿಗಿಯಲಿ, ಅಲ್ಯೂಮಿನಿಯಂ ಇದ್ದರೆ ಇದು ತಪ್ಪಬಾರದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ. ಮೊದಲ ಮಳೆಗಾಲ ಮುಗಿದು ಅಕ್ಟೋಬರ್ ಬಂದಾಗ ಡಿಬಿಯಲ್ಲಿ ಲೈನ್ ಇಳಿಸಿ ಬೀಗ ಹಾಕಿಸಿ ಪೆಟ್ಟಿಗೆ ತೆರೆಸಿ ನೋಡಿ. ಒಳಗೆ ನೀರಿನ ಗುರುತು ಇದ್ದರೆ ಗ್ಲ್ಯಾಂಡ್ ಸರಿಯಿಲ್ಲ, ಪುಡಿ ಇದ್ದರೆ ಮುಚ್ಚಳದ ರಬ್ಬರ್ ಸರಿ ಕೂತಿಲ್ಲ, ವೈರಿನ ತುದಿ ಕಪ್ಪಾಗಿದ್ದರೆ ಆ ತುದಿ ಕತ್ತರಿಸಿ ಹೊಸ ಲಗ್ ಹಾಕಿಸಿ.